ಎಷ್ಟು ವ್ಯಾಟ್ ಎಂದು ಒಮ್ಮೆ ಕೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಸುದ್ದಿ ಓದಿದೆ. ಮೊಬೈಲ್ ಟವರಿನ ಅಲೆಗಳನ್ನು ಆಂಟೆನಾದಿಂದ ಹಿಡಿದು ಮನೆಗೆ ಬೆಳಕು ಕೊಡುವ ಒಂದು ಸಾಧನ. ರಸ್ತೆಯ ಗದ್ದಲವನ್ನು ಮೈಕುಗಳಿಂದ ಹಿಡಿದು ಬ್ಯಾಟರಿ ಚಾರ್ಜ್ ಮಾಡುವ ಇನ್ನೊಂದು ಸಾಧನ. ಫೋಟೊ ದೊಡ್ಡದಾಗಿ ಬಂದಿತ್ತು. ಮಾಡಿದ ಹುಡುಗರ ಹುರುಪು ಮೆಚ್ಚುವಂಥದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇಡೀ ಸುದ್ದಿಯಲ್ಲಿ ಒಂದು ಅಂಕಿಯೂ ಇರಲಿಲ್ಲ. ಎಷ್ಟು ವೋಲ್ಟ್ ಬಂತು, ಎಷ್ಟು ವ್ಯಾಟ್ ಬಂತು, ಬಲ್ಬು ಎಷ್ಟು ಹೊತ್ತು ಉರಿಯಿತು, ಯಾವುದೂ ಇಲ್ಲ. ಆ ಸುದ್ದಿಯ ಚಿತ್ರ ಬೇಗನೆ ನಮ್ಮ ಪಿಂಪ್ರಿಯ ಕನ್ನಡ ಮಂದಿಯ ವಾಟ್ಸಾಪ್ ಗುಂಪಿಗೂ ಬಂತು. ಅದನ್ನೇ ಮೊಬೈಲಿನಲ್ಲಿ ತೋರಿಸುತ್ತ ಒಬ್ಬ ಮಾರಾಟಗಾರ ನಮ್ಮ ಸೊಸೈಟಿಯ ಬಾಗಿಲಿಗೂ ಬಂದ. ಅದಕ್ಕೇ ಈ ಪತ್ರವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದೆ. ಇಲ್ಲಿನ ಒಂದು ಪಾಲಿಟೆಕ್ನಿಕ್‌ನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಹುಡುಗರಿಗೆ ಮೀಟರು, ಪ್ರೋಬು ಎತ್ತಿಕೊಡುವುದು, ಸುಟ್ಟ ಐಸಿ ಬದಲಿಸುವುದು, ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಹೋಗಿ ಡಯೋಡು, ಕೆಪಾಸಿಟರು ತರುವುದು ನನ್ನ ಕೆಲಸವಾಗಿತ್ತು. ಮೈಕು, ಆಂಟೆನಾ ಎರಡನ್ನೂ ಮೇಜಿನ ಮೇಲಿಟ್ಟು ಅಳೆದಿದ್ದೇನೆ, ಅಳೆಯುವುದನ್ನು ಕಲಿಸಿದ್ದೇನೆ. ಆ ಅನುಭವದಿಂದಲೇ ಹೇಳುತ್ತೇನೆ. ಮೈಕು ಮತ್ತು ಆಂಟೆನಾ ಎರಡರಿಂದಲೂ ವಿದ್ಯುತ್ ಬರುತ್ತದೆ, ಅದು ಸುಳ್ಳಲ್ಲ. ಆದರೆ ಅದು ಎಷ್ಟು ಎಂದು ಗೊತ್ತಾದರೆ ಬಲ್ಬಿನ ಮಾತು ಅಲ್ಲಿಗೇ ಮುಗಿಯುತ್ತದೆ.

ಮೊದಲು ಮೈಕಿನ ವಿಷಯ. ಗಾಯಕರ ಕೈಯಲ್ಲಿ, ಭಾಷಣದ ವೇದಿಕೆಯಲ್ಲಿ ನೀವು ನೋಡುವ ಜಾಲರಿ ತಲೆಯ ಮೈಕಿಗೆ ಡೈನಾಮಿಕ್ ಮೈಕು ಎನ್ನುತ್ತಾರೆ. ಒಳಗೆ ತೆಳುವಾದ ಒಂದು ಪರದೆ, ಅದಕ್ಕೆ ಅಂಟಿಸಿದ ಕೂದಲೆಳೆಯಂಥ ತಂತಿಯ ಸುರುಳಿ, ಸುತ್ತ ಒಂದು ಆಯಸ್ಕಾಂತ. ಧ್ವನಿ ಪರದೆಯನ್ನು ಅಲುಗಿಸುತ್ತದೆ, ಸುರುಳಿ ಆಯಸ್ಕಾಂತದ ನಡುವೆ ಓಡಾಡುತ್ತದೆ, ವಿದ್ಯುತ್ ಹುಟ್ಟುತ್ತದೆ. ಡೈನಮೊ ಕೆಲಸ ಮಾಡುವುದೂ ಹೀಗೆಯೇ. ಬ್ಯಾಟರಿ ಬೇಕಿಲ್ಲ. ಇಲ್ಲಿಯವರೆಗೆ ಆ ಸುದ್ದಿ ಸರಿಯಾಗಿಯೇ ಇದೆ.

ಈಗ ಅಂಕಿ ನೋಡಿ. 1966ರಲ್ಲಿ ಬಂದು ಇವತ್ತಿಗೂ ಊರೂರಿನ ವೇದಿಕೆಗಳಲ್ಲಿ ಕಾಣುವ ಶ್ಯೂರ್ ಎಸ್ಎಂ58 ಮೈಕನ್ನೇ ತೆಗೆದುಕೊಳ್ಳಿ. 94 ಡೆಸಿಬೆಲ್ ಧ್ವನಿ ಬಿದ್ದರೆ, ಅಂದರೆ ಮೈಕಿಗೆ ಬಾಯಿ ಹಚ್ಚಿ ಗಟ್ಟಿಯಾಗಿ ಮಾತಾಡಿದರೆ, ಅದು ಕೊಡುವುದು 1.85 ಮಿಲಿವೋಲ್ಟ್. ಒಂದು ವೋಲ್ಟಿನ ಸಾವಿರದಲ್ಲಿ ಎರಡು ಪಾಲೂ ಇಲ್ಲ. ಅದರ ಒಳಗಿನ ತಡೆ ಸುಮಾರು 300 ಓಮ್. ಈ ಎರಡು ಅಂಕಿ ಸಿಕ್ಕರೆ ಅದರಿಂದ ಹೆಚ್ಚೆಂದರೆ ಎಷ್ಟು ಶಕ್ತಿ ತೆಗೆಯಬಹುದು ಎಂದು ಲೆಕ್ಕ ಹಾಕಬಹುದು. ಉತ್ತರ ಸುಮಾರು 3 ನ್ಯಾನೊವ್ಯಾಟ್. ಒಂದು ವ್ಯಾಟನ್ನು 100 ಕೋಟಿ ಪಾಲು ಮಾಡಿ, ಅದರಲ್ಲಿ ಮೂರು ಪಾಲು. ಮನೆಯ 9 ವ್ಯಾಟಿನ ಒಂದು ಎಲ್ಇಡಿ ಬಲ್ಬು ಹತ್ತಬೇಕಾದರೆ ಇಂಥ ಮೈಕು 300 ಕೋಟಿ ಬೇಕು, ಅಷ್ಟಕ್ಕೂ ಒಂದೇ ಸಮನೆ ಯಾರಾದರೂ ಮಾತಾಡುತ್ತಿರಬೇಕು. ನಮ್ಮ ದೇಶದ ಜನರೆಲ್ಲ ಎರಡೆರಡು ಮೈಕು ಹಿಡಿದರೂ ಸಾಲುವುದಿಲ್ಲ.

ಇದು ಮೈಕಿನ ಕೊರತೆಯಲ್ಲ. ಧ್ವನಿಯಲ್ಲೇ ಶಕ್ತಿ ಅಷ್ಟು ಕಡಿಮೆ. ನಾವು ಸಾಮಾನ್ಯವಾಗಿ ಮಾತಾಡುವಾಗ ಬಾಯಿಂದ ಹೊರಡುವ ಧ್ವನಿಯ ಶಕ್ತಿ ಹತ್ತಿಪ್ಪತ್ತು ಮೈಕ್ರೊವ್ಯಾಟ್ ಅಷ್ಟೇ. ಒಂದು ವ್ಯಾಟಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಮೈಕ್ರೊವ್ಯಾಟ್ ಎನ್ನುತ್ತಾರೆ. ಅದು ನಾಲ್ಕೂ ದಿಕ್ಕಿಗೆ ಹರಡಿ ಹೋಗುತ್ತದೆ. ಅದರಲ್ಲಿ ಒಂದು ಚೂರು ಮೈಕಿನ ಪರದೆಗೆ ತಾಗುತ್ತದೆ. ನಮ್ಮ ಕಿವಿ ಇಷ್ಟು ಚಿಕ್ಕದನ್ನು ದೊಡ್ಡದಾಗಿ ಕೇಳುವುದರಿಂದ ನಮಗೆ ಶಬ್ದ ಎಂದರೆ ಭಾರಿ ಶಕ್ತಿ ಅನ್ನಿಸುತ್ತದೆ.

ಪಕ್ಕದ ಮನೆಯ ಹುಡುಗಿಯೊಬ್ಬಳು ಎಂಟನೇ ತರಗತಿಯಲ್ಲಿದ್ದಾಳೆ. ಅವರ ಮನೆಯವರು ಕಲಬುರಗಿ ಕಡೆಯವರು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ‘ಶಬ್ದದಿಂದ ವಿದ್ಯುತ್’ ಮಾಡುತ್ತೇನೆ ಎಂದು ನನ್ನ ಹತ್ತಿರ ಬಂದಳು. ಬೇಡ ಎನ್ನಲಿಲ್ಲ. ಗಣೇಶೋತ್ಸವಕ್ಕೆ ಮುಂಚಿನ ವಾರಗಳಲ್ಲಿ ಪುಣೆಯ ಢೋಲ್-ತಾಶಾ ತಂಡಗಳು ಮುಠಾ ನದಿಯ ದಡದಲ್ಲಿ ಸಂಜೆ ಹೊತ್ತು ಅಭ್ಯಾಸ ಮಾಡುತ್ತವಲ್ಲ, ಅಲ್ಲಿಗೆ ಕರೆದುಕೊಂಡು ಹೋದೆ. ಅದಕ್ಕಿಂತ ಜೋರಾದ ಶಬ್ದ ಸುಲಭಕ್ಕೆ ಎಲ್ಲಿ ಸಿಗಬೇಕು? ತಂಡದವರನ್ನು ಕೇಳಿಕೊಂಡು ಮೈಕನ್ನು ಢೋಲಿನ ಹತ್ತಿರವೇ ಹಿಡಿದೆವು. ಮೈಕಿನ ವೈರನ್ನು ನೇರವಾಗಿ ಮಲ್ಟಿಮೀಟರಿಗೆ ಕೊಟ್ಟೆವು. ನನ್ನ ಮೀಟರಿನಲ್ಲಿ ಎಸಿ ಮಿಲಿವೋಲ್ಟ್ ರೇಂಜ್ ಇದೆ. ಅಗ್ಗದ ಮೀಟರುಗಳಲ್ಲಿ ಅದು ಇರುವುದಿಲ್ಲ, ಅವುಗಳಲ್ಲಿ ಬರೀ ಸೊನ್ನೆ ಕಾಣುತ್ತದೆ. ಎದೆ ನಡುಗುವಂತೆ ಢೋಲು ಬಡಿಯುತ್ತಿದ್ದರೂ ಅಂಕಿ 8ರಿಂದ 12 ಮಿಲಿವೋಲ್ಟ್ ನಡುವೆ ಕುಣಿಯುತ್ತಿತ್ತು. ಹುಡುಗಿ ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. “ಕಾಕು, ಇದರಾಗ ಒಂದು ಸಣ್ಣ ಲೈಟೂ ಹತ್ತೂದಿಲ್ಲೇನು?” ಎಂದು ಕೇಳಿದಳು.

ಹತ್ತುವುದಿಲ್ಲ. ಕೆಂಪು ಎಲ್ಇಡಿ ಹತ್ತಲು ಮೊದಲು ಸುಮಾರು 1.8 ವೋಲ್ಟ್ ಬೇಕು, ಇಲ್ಲಿರುವುದು ಅದರ 150ರಲ್ಲಿ ಒಂದು ಪಾಲು. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟ್ ಏರಿಸಬಹುದಲ್ಲ ಎಂದು ಬಹಳ ಮಂದಿ ಕೇಳುತ್ತಾರೆ. ಏರಿಸಬಹುದು, ಆದರೆ ವೋಲ್ಟ್ ಏರಿದಷ್ಟೂ ಕರೆಂಟ್ ಇಳಿಯುತ್ತದೆ, ವ್ಯಾಟ್ ಹೆಚ್ಚುವುದಿಲ್ಲ. ಢೋಲಿನ ಪಕ್ಕದ ಆ ಮೈಕಿನಲ್ಲಿ ಇದ್ದದ್ದು ಸುಮಾರು 100 ನ್ಯಾನೊವ್ಯಾಟ್. ಎಲ್ಇಡಿ ಚೆನ್ನಾಗಿ ಬೆಳಗಲು ಬೇಕಾದದ್ದು 20 ಮಿಲಿವ್ಯಾಟ್, ಅಂದರೆ ಎರಡು ಲಕ್ಷ ಪಟ್ಟು. ಬ್ಯಾಟರಿಯಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿಸಿಡೋಣ ಎಂದರೆ ಮಧ್ಯೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಬೇಕು. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟಿಗೆ, ಜರ್ಮೇನಿಯಂ ಡಯೋಡ್ ಸುಮಾರು 0.2 ವೋಲ್ಟಿಗೆ ಬಾಗಿಲು ತೆರೆಯುತ್ತದೆ. 12 ಮಿಲಿವೋಲ್ಟ್ ಹೊಸ್ತಿಲನ್ನೇ ಮುಟ್ಟುವುದಿಲ್ಲ.

ಹುಡುಗಿ ಜಾಣೆ. ತನ್ನ ಚಾರ್ಟಿನ ತಲೆಬರಹ ಬದಲಿಸಿ ‘ಶಬ್ದದಲ್ಲಿ ವಿದ್ಯುತ್ ಎಷ್ಟು?’ ಎಂದು ಬರೆದಳು. ಢೋಲು, ಶಾಲೆಯ ಗಂಟೆ, ತನ್ನದೇ ಮಾತು, ಮೂರರ ಅಂಕಿಯನ್ನೂ ಪಟ್ಟಿ ಮಾಡಿ ಹಾಕಿದಳು. ಬಹುಮಾನ ಹೋದದ್ದು ಪಕ್ಕದ ಟೇಬಲ್ಲಿಗೆ. ಅಲ್ಲಿ ಒಂದು ಮೈಕಿಗೆ ಚಪ್ಪಾಳೆ ಹೊಡೆದರೆ ಎಲ್ಇಡಿ ಹತ್ತುತ್ತಿತ್ತು. ಕೆಳಗಿನ ಥರ್ಮೊಕೋಲ್ ಡಬ್ಬಿಯಲ್ಲಿ 9 ವೋಲ್ಟಿನ ಬ್ಯಾಟರಿ ಇತ್ತು. ಚಪ್ಪಾಳೆಗೆ ಹತ್ತುವ ಆ ಸರ್ಕಿಟ್ ಒಳ್ಳೆಯ ಸರ್ಕಿಟ್ಟೇ, ಲ್ಯಾಬಿನಲ್ಲಿ ನಾವೂ ಮಾಡಿಸುತ್ತಿದ್ದೆವು. ಅದರಲ್ಲಿ ಶಬ್ದ ಸ್ವಿಚ್ಚಿನ ಕೆಲಸ ಮಾಡುತ್ತದೆ, ಬೆಳಕಿನ ಶಕ್ತಿ ಬ್ಯಾಟರಿಯದು. ಆದರೆ ಬೋರ್ಡಿನ ಮೇಲೆ ‘ಶಬ್ದದಿಂದ ವಿದ್ಯುತ್’ ಎಂದೇ ಬರೆದಿತ್ತು. ಡಬ್ಬಿ ತೆಗೆದು ತೋರಿಸು ಮಗಾ ಎಂದು ದೊಡ್ಡವರು ಯಾರೂ ಕೇಳಲಿಲ್ಲ. ಆ ಮಕ್ಕಳನ್ನು ನಾನು ದೂರುವುದಿಲ್ಲ. ಅವರಿಗೆ ತಪ್ಪು ಕಲಿಸಿದವರು, ಆಮೇಲೆ ಅದನ್ನು ಹೊಗಳಿದವರು ದೊಡ್ಡವರು. ಅಳೆದ ಹುಡುಗಿ ಬೇಸರದಿಂದ ಚಾರ್ಟ್ ಸುತ್ತಿಕೊಂಡು ಬಂದಳು. ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

ರಸ್ತೆಯ ಗದ್ದಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್ ಮಿತಿ. 55 ಡೆಸಿಬೆಲ್ ಎಂದರೆ ಒಂದು ಚದರ ಮೀಟರಿಗೆ 0.3 ಮೈಕ್ರೊವ್ಯಾಟ್. ಒಂದು 30-40 ಸೈಟಿನಷ್ಟು ದೊಡ್ಡ ಪರದೆ ಕಟ್ಟಿ, ಅದರ ಮೇಲೆ ಬಿದ್ದ ಧ್ವನಿಯಲ್ಲಿ ಒಂದು ಚೂರೂ ಬಿಡದೆ ವಿದ್ಯುತ್ ಮಾಡಿದರೂ 35 ಮೈಕ್ರೊವ್ಯಾಟ್. ಸ್ವಾರಗೇಟ್ ಚೌಕದಲ್ಲಿ ಗದ್ದಲ 85 ಡೆಸಿಬೆಲ್ ಎಂದೇ ಹಿಡಿಯಿರಿ. ಆಗ ಅದೇ ಪರದೆಗೆ 35 ಮಿಲಿವ್ಯಾಟ್, ಅಂದರೆ ಒಂದೆರಡು ಸಣ್ಣ ಎಲ್ಇಡಿ. ಅದೇ ಜಾಗದಲ್ಲಿ ಒಂದೇ ಒಂದು ಚದರ ಮೀಟರ್ ಸೋಲಾರ್ ಪ್ಯಾನೆಲ್ ಇಟ್ಟರೆ ನಡು ಮಧ್ಯಾಹ್ನ ಸುಮಾರು 200 ವ್ಯಾಟ್ ಬರುತ್ತದೆ. ಇನ್ನು ಡಿಜೆ ಸ್ಪೀಕರುಗಳ ಗೋಡೆಯಿಂದ ವಿದ್ಯುತ್ ತೆಗೆಯೋಣ ಎನ್ನುವವರ ಮಾತು. ಸ್ಪೀಕರಿಗೆ ಕೊಟ್ಟ 1000 ವ್ಯಾಟ್‌ನಲ್ಲಿ ಧ್ವನಿಯಾಗಿ ಹೊರಗೆ ಬರುವುದೇ ಹತ್ತರಿಂದ ಮೂವತ್ತು ವ್ಯಾಟ್. ಉಳಿದದ್ದು ಸುರುಳಿಯನ್ನು ಬಿಸಿ ಮಾಡಿ ಹೋಗುತ್ತದೆ. ಜನರೇಟರಿನಲ್ಲಿ ಡೀಸೆಲ್ ಸುಟ್ಟು, ಸುತ್ತಲಿನ ಮುದುಕರ, ಹಸುಗೂಸುಗಳ ನಿದ್ದೆ ಕೆಡಿಸಿ, ಕೊನೆಗೆ ಒಂದು ಬಲ್ಬಿನಷ್ಟೂ ಮರಳಿ ಬರುವುದಿಲ್ಲ. ಇದನ್ನು ‘ಹಸಿರು ವಿದ್ಯುತ್’ ಎಂದು ಕರೆದರೆ ಗದ್ದಲ ಮಾಡುವವರಿಗೆ ಒಂದು ನೆಪ ಕೊಟ್ಟಂತಾಗುತ್ತದೆ.

ಬ್ಯಾಟರಿ ಇಲ್ಲದೆ ಬರೀ ಧ್ವನಿಯಿಂದ ನಡೆಯುವ ಒಂದು ಉಪಕರಣ ಮಾತ್ರ ನಿಜವಾಗಿಯೂ ಇದೆ. ಹಡಗುಗಳಲ್ಲಿ ಬ್ರಿಜ್ಜಿನಿಂದ ಎಂಜಿನ್ ಕೋಣೆಗೆ ಮಾತಾಡಲು ಇಂಥ ಟೆಲಿಫೋನ್ ಇಡುತ್ತಾರೆ. ಹಡಗಿನ ಕರೆಂಟ್ ಪೂರ್ತಿ ಹೋದರೂ ಅದು ಕೆಲಸ ಮಾಡುತ್ತದೆ. ಮಾತಾಡುವವರ ದನಿಯೇ ತಂತಿಯಲ್ಲಿ ವಿದ್ಯುತ್ತಾಗಿ ಹೋಗಿ ಆ ತುದಿಯವರ ಕಿವಿಗೆ ಮತ್ತೆ ದನಿಯಾಗುತ್ತದೆ. ಆ ತುದಿಯಲ್ಲಿ ಕಿವಿ ಇರುವುದರಿಂದಲೇ ಇದು ಸಾಧ್ಯ. ಒಳ್ಳೆಯ ಇಯರ್‌ಫೋನಿಗೆ ಒಂದು ಮಿಲಿವ್ಯಾಟ್ ಕೊಟ್ಟರೆ ಸುಮಾರು 100 ಡೆಸಿಬೆಲ್ ಬರುತ್ತದೆ. ಅದರ ಹತ್ತು ಲಕ್ಷದಲ್ಲಿ ಒಂದು ಪಾಲು, ಒಂದು ನ್ಯಾನೊವ್ಯಾಟ್ ಕೊಟ್ಟರೂ 40 ಡೆಸಿಬೆಲ್. ಶಾಂತವಾದ ಕೋಣೆಯಲ್ಲಿ ಅಷ್ಟು ಸಾಕು, ಮಾತು ತಿಳಿಯುತ್ತದೆ.

ಆಂಟೆನಾದ ಕಥೆಯೂ ಹೆಚ್ಚುಕಡಿಮೆ ಇದೇ. ಪುಣೆಯ ಹಳಬರಿಗೆ ನೆನಪಿರಬಹುದು, ಆಗ ಊರಿನ ಟಿವಿ ಆಂಟೆನಾಗಳೆಲ್ಲ ಸಿಂಹಗಡದ ಕಡೆಗೆ ಮುಖ ಮಾಡಿ ನಿಂತಿರುತ್ತಿದ್ದವು. ದೂರದರ್ಶನದ ಟವರ್ ಇರುವುದು ಅಲ್ಲೇ. ಅಂಥ ಒಂದು ಆಂಟೆನಾದಿಂದ ಚಿತ್ರ ಸ್ವಚ್ಛವಾಗಿ ಬರಲು ಟಿವಿಗೆ ತಲುಪಬೇಕಾದದ್ದು ಸುಮಾರು ಒಂದು ಮಿಲಿವೋಲ್ಟ್. 75 ಓಮ್ ವೈರಿನಲ್ಲಿ ಅದು 13 ನ್ಯಾನೊವ್ಯಾಟ್. ನೋಡಿ, ಒಂದು ಗಾಳಿಯ ಅಲೆಯನ್ನು ಹಿಡಿಯುತ್ತದೆ, ಇನ್ನೊಂದು ರೇಡಿಯೊ ಅಲೆಯನ್ನು. ಆದರೂ ಗಾಯಕರ ಕೈಯ ಮೈಕು, ಮನೆಯ ಮೇಲಿನ ಆಂಟೆನಾ ಎರಡೂ ಕೊಡುವುದು ಒಂದೆರಡು ಮಿಲಿವೋಲ್ಟ್, ಕೆಲವೇ ನ್ಯಾನೊವ್ಯಾಟ್. ಇದನ್ನು ಲ್ಯಾಬಿನಲ್ಲಿ ಹುಡುಗರಿಗೆ ಹೇಳುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತಿತ್ತು. ಉಳಿದದ್ದೆಲ್ಲ ಆಂಪ್ಲಿಫೈಯರಿನ ಕೆಲಸ, ಆ ಆಂಪ್ಲಿಫೈಯರಿಗೆ ಶಕ್ತಿ ಗೋಡೆಯ ಪ್ಲಗ್ಗಿನಿಂದ.

ಎಷ್ಟೋ ಸಲ ವಿದ್ಯುತ್ ಉಲ್ಟಾ ದಿಕ್ಕಿನಲ್ಲಿ ಹರಿಯುತ್ತದೆ. ರೆಕಾರ್ಡಿಂಗ್ ಸ್ಟುಡಿಯೊದ ಕಂಡೆನ್ಸರ್ ಮೈಕಿಗೆ ಮಿಕ್ಸರಿನಿಂದ ಅದೇ ವೈರಿನ ಮೂಲಕ 48 ವೋಲ್ಟ್ ಕಳಿಸಬೇಕು, ಇಲ್ಲದಿದ್ದರೆ ಅದು ತುಟಿ ಪಿಟಕ್ಕೆನ್ನುವುದಿಲ್ಲ. ನಿಮ್ಮ ಮನೆಯ ಡಿಟಿಎಚ್ ಛತ್ರಿಗೂ ಹಾಗೆಯೇ. ಛತ್ರಿಯ ಮುಂದೆ ಕೋಲಿನ ತುದಿಯಲ್ಲಿರುವ ಎಲ್ಎನ್‌ಬಿ ಎಂಬ ಪುಟ್ಟ ಆಂಪ್ಲಿಫೈಯರಿಗೆ ಸೆಟ್‌ಟಾಪ್ ಬಾಕ್ಸು ಕೇಬಲ್ಲಿನ ಮೂಲಕ 13 ಅಥವಾ 18 ವೋಲ್ಟ್ ಕಳಿಸುತ್ತದೆ. 36,000 ಕಿಲೋಮೀಟರ್ ದೂರದ ಉಪಗ್ರಹದಿಂದ 60 ಸೆಂಟಿಮೀಟರ್ ಛತ್ರಿಗೆ ಬಂದು ಬೀಳುವುದು, ಚಾನೆಲ್‌ಗಳ ಒಂದು ಗುಂಪನ್ನು ಕಳಿಸುವ ಒಂದು ಟ್ರಾನ್ಸ್‌ಪಾಂಡರಿನ ಲೆಕ್ಕದಲ್ಲಿ, ಹೆಚ್ಚುಕಡಿಮೆ ಒಂದು ಪಿಕೊವ್ಯಾಟ್. ಒಂದು ವ್ಯಾಟಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಇಷ್ಟರಲ್ಲೇ ನಾವು ಕ್ರಿಕೆಟ್ ನೋಡುತ್ತೇವೆ.

ಇನ್ನೂ ಚಿಕ್ಕದನ್ನು ನೋಡಬೇಕೆಂದರೆ ಪುಣೆಯಿಂದ ನಾಸಿಕ್ ರಸ್ತೆ ಹಿಡಿದು ನಾರಾಯಣಗಾಂವ್ ತನಕ ಹೋಗಿ, ಅಲ್ಲಿಂದ ಖೋಡದ್‌ಗೆ ಹೋಗಬೇಕು. ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಕಟ್ಟಿದ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಇರುವುದು ಅಲ್ಲಿ. ಒಂದೊಂದೂ 45 ಮೀಟರ್ ಅಗಲದ 30 ಆಂಟೆನಾಗಳು. ತಗಡಿನ ಬದಲು ತೆಳುವಾದ ಸ್ಟೀಲ್ ತಂತಿಯ ಜಾಲರಿಯನ್ನು ಹಗ್ಗಗಳಿಂದ ಬಿಗಿದು ಮಾಡಿದ್ದಾರೆ. ಹಾಗಾಗಿ ಗಾಳಿ ಜಾಲರಿಯ ಮೂಲಕ ದಾಟಿ ಹೋಗುತ್ತದೆ, ಖರ್ಚೂ ಕಡಿಮೆ. ಆಕಾಶದ ರೇಡಿಯೊ ಮೂಲಗಳನ್ನು ಅಳೆಯುವ ಮಾನಕ್ಕೆ ಜಾನ್ಸ್ಕಿ ಎಂದು ಹೆಸರು. ಒಂದು ಚದರ ಮೀಟರಿಗೆ, ಒಂದು ಹರ್ಟ್ಸ್ ಅಗಲದ ಆವರ್ತನ ಪಟ್ಟಿಗೆ ಅದು ಎಷ್ಟು ವ್ಯಾಟ್ ಎಂದರೆ, ದಶಮಾಂಶ ಬಿಂದುವಿನ ಮುಂದೆ 25 ಸೊನ್ನೆ ಹಾಕಿ ಆಮೇಲೆ ಒಂದು 1 ಬರೆಯಬೇಕು. ಒಂದು ಜಾನ್ಸ್ಕಿಯ ಮೂಲದ ಕಡೆ ಆ 45 ಮೀಟರಿನ ಆಂಟೆನಾ ತಿರುಗಿಸಿ, ಒಂದು ಮೆಗಾಹರ್ಟ್ಸ್ ಅಗಲದಲ್ಲಿ ಬಂದದ್ದನ್ನೆಲ್ಲ 100 ವರ್ಷ ಕೂಡಿಟ್ಟರೂ ಒಂದು ಸಾಸಿವೆ ಕಾಳನ್ನು ಒಂದು ಬೆರಳಿನಗಲ ಮೇಲೆತ್ತಲು ಆಗುವುದಿಲ್ಲ. ಅದರಿಂದಲೇ ವಿಜ್ಞಾನಿಗಳು ಪಲ್ಸಾರ್ ಎಂಬ ಮಿಡಿಯುವ ನಕ್ಷತ್ರಗಳನ್ನು, ದೂರದ ಗೆಲಾಕ್ಸಿಗಳನ್ನು ಓದುತ್ತಾರೆ. ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಅಲ್ಲಿ ಜನರಿಗಾಗಿ ಪ್ರದರ್ಶನ ಇರುತ್ತದೆ. ಮಕ್ಕಳಿಗೆ ಆಂಟೆನಾ ಎಂದರೇನು ಎಂದು ತೋರಿಸಬೇಕಾದ ಜಾಗ ಅದು. ಪುಣೆ, ಪಿಂಪ್ರಿಯ ಕನ್ನಡ ಸಂಘಗಳವರು ಒಂದು ಬಸ್ ಮಾಡಿಕೊಂಡು ಹೋಗಿ ಬಂದರೆ ಎಷ್ಟು ಚೆನ್ನ.

ಹಾಗಾದರೆ ಆಂಟೆನಾದಿಂದ ಏನೂ ನಡೆಯುವುದಿಲ್ಲವೇ? ನಡೆಯುತ್ತದೆ, ಅದನ್ನೂ ಮುಚ್ಚಿಡದೆ ಹೇಳಬೇಕು. ನಾನು ಚಿಕ್ಕವಳಿದ್ದಾಗ ಅಣ್ಣ ಒಂದು ಕ್ರಿಸ್ಟಲ್ ರೇಡಿಯೊ ಮಾಡಿದ್ದ. ಮಾಳಿಗೆ ಮೇಲಿಂದ ಬೇವಿನ ಮರಕ್ಕೆ ಒಂದು ತಂತಿ, ಬಚ್ಚಲ ನೀರು ಹೋಗುವ ಹಸಿ ನೆಲದಲ್ಲಿ ಹೂತ ಒಂದು ಕಬ್ಬಿಣದ ಸಲಾಕೆ, ಕೈಯಲ್ಲಿ ಸುತ್ತಿದ ಸುರುಳಿ, ಒಂದು ಜರ್ಮೇನಿಯಂ ಡಯೋಡು, ಒಂದು ಇಯರ್‌ಫೋನು. ಸೆಲ್ ಇಲ್ಲ, ಪ್ಲಗ್ ಇಲ್ಲ. 765 ಕಿಲೋಹರ್ಟ್ಸ್‌ನ ಧಾರವಾಡ ಆಕಾಶವಾಣಿ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಇಂಥ ಹರಳಿನಿಂದ ಅಲೆ ಹಿಡಿಯುವುದಕ್ಕೆ ಪೇಟೆಂಟ್ ಪಡೆದವರು ನಮ್ಮ ಜಗದೀಶಚಂದ್ರ ಬೋಸ್, 1904ರಲ್ಲಿ. ದೊಡ್ಡ ಮೀಡಿಯಂ ವೇವ್ ಟವರಿನ ತೀರ ಹತ್ತಿರ ಇದ್ದರೆ ಉದ್ದ ತಂತಿ, ಒಳ್ಳೆಯ ಅರ್ಥ್ ಇಟ್ಟುಕೊಂಡು ಒಂದು ಎಲ್ಇಡಿಯನ್ನೂ ಹತ್ತಿಸಬಹುದು. ಆದರೆ ಧಾರವಾಡದ ಟ್ರಾನ್ಸ್‌ಮಿಟರಿನ ಶಕ್ತಿ 200 ಕಿಲೋವ್ಯಾಟ್. ಎರಡು ಲಕ್ಷ ವ್ಯಾಟ್ ಗಾಳಿಗೆ ಬಿಟ್ಟ ಮೇಲೆ ಟವರಿನ ಬುಡದಲ್ಲಿ ನಿಂತವರಿಗೆ ಅದರ ಒಂದು ಚೂರು ಸಿಗುತ್ತದೆ. ಆ ಎರಡು ಲಕ್ಷಕ್ಕೆ ಬಿಲ್ಲು ಕಟ್ಟುವವರು ಇದ್ದಾರೆ. ಪುಕ್ಕಟೆ ವಿದ್ಯುತ್ ಅಲ್ಲ ಅದು.

ಇವತ್ತಿನ ಉದಾಹರಣೆ ಬೇಕಾದರೆ ನಿಮ್ಮ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್‌ಟ್ಯಾಗ್ ನೋಡಿ. ಊರಿಗೆ ಹೋಗುವಾಗ ಖೇಡ್-ಶಿವಾಪುರದ ಟೋಲಿನಲ್ಲಿ ನಮ್ಮ ಗಾಡಿ ಗುರುತಿಸುವ ಆ ಚೀಟಿಯಲ್ಲಿ ಬ್ಯಾಟರಿ ಇಲ್ಲ. ಮೇಲಿನ ಯಂತ್ರ ಅದರ ಕಡೆಗೇ ರೇಡಿಯೊ ಅಲೆ ಬಿಡುತ್ತದೆ, ಚೀಟಿಯ ಆಂಟೆನಾಕ್ಕೆ ಒಂದು ಮಿಲಿವ್ಯಾಟಿಗೂ ಕಡಿಮೆ ಸಿಗುತ್ತದೆ, ಅಕ್ಕಿಕಾಳಿಗಿಂತ ಚಿಕ್ಕ ಚಿಪ್ಪು ಅಷ್ಟರಲ್ಲೇ ಎದ್ದು ತನ್ನ ನಂಬರ್ ಹೇಳುತ್ತದೆ. ಹತ್ತಾರು ಮೈಕ್ರೊವ್ಯಾಟ್ ಇದ್ದರೆ ಅದಕ್ಕೆ ಧಾರಾಳ. ಮೆಟ್ರೊ ಕಾರ್ಡೂ ಹಾಗೆಯೇ, ಆದರೆ ಅದನ್ನು ಗೇಟಿಗೆ ಮುಟ್ಟುವಷ್ಟು ಹತ್ತಿರ ಹಿಡಿಯಬೇಕು.

ಈಗ ಮೊಬೈಲ್ ಟವರ್. 2012ರ ಸೆಪ್ಟೆಂಬರ್ 1ರಿಂದ ನಮ್ಮ ದೇಶದಲ್ಲಿ ಟವರಿನ ವಿಕಿರಣಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತರಲ್ಲೊಂದು ಪಾಲು ಮಿತಿ ಹಾಕಿದರು. 900 ಮೆಗಾಹರ್ಟ್ಸ್‌ನಲ್ಲಿ ಅದು ಚದರ ಮೀಟರಿಗೆ 0.45 ವ್ಯಾಟ್. ಆ ಮಿತಿಯ ಅಂಚಿನಲ್ಲೇ ನಿಂತು ಒಂದು ಸಾದಾ ಆಂಟೆನಾ ಹಿಡಿದರೂ ಸಿಗುವುದು 6 ಮಿಲಿವ್ಯಾಟ್ ಚಿಲ್ಲರೆ. ಜನ ಇರುವ ಮನೆಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಉದಾರವಾಗಿ ಚದರ ಮೀಟರಿಗೆ ಒಂದು ಮಿಲಿವ್ಯಾಟ್ ಇದೆ ಎಂದೇ ಇಟ್ಟುಕೊಳ್ಳೋಣ. ಆಂಟೆನಾಕ್ಕೆ ಸಿಗುವುದು 14 ಮೈಕ್ರೊವ್ಯಾಟ್. ನಿಮ್ಮ ಫೋನಿನ ಬ್ಯಾಟರಿ ಸುಮಾರು 15 ವ್ಯಾಟ್-ಗಂಟೆಯದು. ಒಂದಿಷ್ಟೂ ನಷ್ಟವಿಲ್ಲದೆ ಚಾರ್ಜ್ ಮಾಡಿದರೂ ಅದು ತುಂಬಲು 100 ವರ್ಷಕ್ಕಿಂತ ಜಾಸ್ತಿ ಬೇಕು.

ಆ ಮಾರಾಟಗಾರ ತಂದದ್ದು ಇದನ್ನೇ. ಪ್ಲಾಸ್ಟಿಕ್ ಡಬ್ಬಿಗೆ ಎರಡು ಕಡ್ಡಿ ಆಂಟೆನಾ, ಪಕ್ಕದಲ್ಲಿ ಒಂದು ಬಲ್ಬು ಹೋಲ್ಡರ್. ಟವರಿನ ಕಡೆ ತಿರುಗಿಸಿ ಸ್ವಿಚ್ ಹಾಕಿದ, ಬಲ್ಬು ಝಗ್ಗನೆ ಹತ್ತಿತು. ಕೆಳಗೆ ಸೇರಿದ್ದ ಹೆಂಗಸರು, ವಯಸ್ಸಾದವರು ಹೌಹಾರಿದರು. 500 ರೂಪಾಯಿ ಬುಕಿಂಗ್ ಕೊಟ್ಟರೆ ಮುಂದಿನ ತಿಂಗಳು ಮನೆಗೇ ತಂದು ಕೂರಿಸುತ್ತೇನೆ ಎಂದ. ಒಂದಿಬ್ಬರು ಪರ್ಸು ತೆಗೆದದ್ದೂ ಆಯಿತು. ನಾನು ಮುಂದೆ ಹೋಗಿ, “ಒಂದ್ನಿಮಿಷ ಅಣ್ಣಾ, ಬಲ್ಬು ಕೊಡಿ” ಎಂದು ಕೇಳಿದೆ. ಅವನು ಕೊಡುವ ಮೊದಲೇ ಹೋಲ್ಡರಿನಿಂದ ಬಿಚ್ಚಿಕೊಂಡೆ. ಬಲ್ಬಿನ ಬುಡದಲ್ಲಿ ಎರಡು ಸೀಸದ ಬೊಟ್ಟು ಇರುತ್ತವಲ್ಲ, ಅವುಗಳ ಮೇಲೆ ನನ್ನ ಹೆಬ್ಬೆರಳು ಒತ್ತಿದೆ. ಬಲ್ಬು ನನ್ನ ಕೈಯಲ್ಲೇ ಹತ್ತಿತು. ಅದು ಅಂಗಡಿಯಲ್ಲಿ ಸಿಗುವ ಇನ್ವರ್ಟರ್ ಬಲ್ಬು. ಒಳಗೇ ಬ್ಯಾಟರಿ ಇರುತ್ತದೆ, ಕರೆಂಟ್ ಹೋದಾಗ ತಾನಾಗಿ ಉರಿಯಲು ಮಾಡಿದ್ದು. ಎರಡು ಬೊಟ್ಟುಗಳ ನಡುವೆ ಬೆರಳಿಟ್ಟರೂ ಸಾಕು, ಹತ್ತುತ್ತದೆ. ಅವನು ಡಬ್ಬಿ ಎತ್ತಿಕೊಂಡು ಹೊರಟುಹೋದ. ಆದರೆ ಮುಂದಿನ ಓಣಿಯಲ್ಲಿ ನಾನಿಲ್ಲವಲ್ಲ. ಅಲ್ಲಿ ಎಷ್ಟು ಜನ ಕೊಟ್ಟರೋ. ಹಣ ಕೊಟ್ಟು ಮೋಸ ಹೋದವರು 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ದುಡ್ಡು ಹೋದರೆ ಹೋಗಲಿ, ಜೀವದ ಮಾತು ಇನ್ನೂ ದೊಡ್ಡದು. ಇಂಥ ವೀಡಿಯೊಗಳಲ್ಲಿ ಟೆರೇಸಿನ ಮೇಲೆ ತಂತಿ ಎಷ್ಟು ಉದ್ದ ಕಟ್ಟಿದರೆ ಅಷ್ಟು ಒಳ್ಳೆಯದು ಎಂದು ಹೇಳುತ್ತಾರೆ. ಮೀಟರ್ ಹಿಡಿದರೆ ಐದಾರು ವೋಲ್ಟ್ ಕಾಣಿಸಲೂಬಹುದು. ಅದು ಟವರಿನಿಂದ ಬಂದದ್ದಲ್ಲ, ಹೆಚ್ಚಾಗಿ ನಿಮ್ಮದೇ ಮನೆಯ ವೈರಿಂಗಿನಿಂದ ಮುಟ್ಟದೆಯೇ ತಂತಿಗೆ ಬಂದ ನೆರಳು. ಆ ತಂತಿಗೂ ಅರ್ಥಿಗೂ ನಡುವೆ ಒಂದು ಸಾವಿರ ಓಮಿನ ರೆಸಿಸ್ಟರ್ ಹಾಕಿ ನೋಡಿ, ಅಂಕಿ ಕುಸಿದು ಸೊನ್ನೆಯ ಹತ್ತಿರ ಬರುತ್ತದೆ. ಮೀಟರಿಗೆ ಬೇಕಾಗುವ ಕರೆಂಟ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಅದಕ್ಕೇ ಅದು ವೋಲ್ಟ್ ತೋರಿಸುತ್ತದೆ. ಲೋಡ್, ಅಂದರೆ ಕರೆಂಟ್ ಎಳೆಯುವ ಬಲ್ಬೋ ರೆಸಿಸ್ಟರೋ, ಹಾಕಿದಾಗಲೂ ವೋಲ್ಟ್ ಕುಸಿಯದೆ ಉಳಿದರೆ ಮಾತ್ರ ಅದು ವಿದ್ಯುತ್. ಟೆರೇಸಿನ ತಂತಿಗೆ ರೆಸಿಸ್ಟರ್ ಹಾಕಿದ ಮೇಲೂ ವೋಲ್ಟ್ ಹಾಗೇ ಉಳಿದಿದೆ ಎಂದರೆ ಕೂಡಲೇ ಕೈ ತೆಗೆಯಿರಿ, ಎಲ್ಲೋ ಲೀಕೇಜ್ ಇದೆ. ನಮ್ಮ ಕಡೆ ಗಾವಠಾಣಗಳಲ್ಲಿ, ಅಂದರೆ ಹಳೆಯ ಊರಿನ ಓಣಿಗಳಲ್ಲಿ, ಎಚ್‌ಟಿ (ಹೈ ಟೆನ್ಶನ್) ಲೈನ್ ಬಾಲ್ಕನಿಗೆ ತೀರ ಹತ್ತಿರ ಹೋಗುತ್ತದೆ. ಹುಡುಗರು ಟೆರೇಸಿನಿಂದ ತಂತಿ ಎಸೆಯುವಾಗ ಅದು ಲೈನಿಗೆ ತಾಗಿದರೆ ಏನಾಗುತ್ತದೆ ಎಂದು ನಾನು ಬರೆಯಬೇಕಾಗಿಲ್ಲ. ಮಳೆಗಾಲದಲ್ಲಿ ಸಿಡಿಲಿಗೆ ಎತ್ತರದ ತಂತಿಯೇ ದಾರಿ. ತಂದೆ ತಾಯಂದಿರು ದಯವಿಟ್ಟು ಇದನ್ನು ಗಮನಿಸಬೇಕು.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಇಂಥ ಆವಿಷ್ಕಾರದ ಸುದ್ದಿ ಬಂದಾಗ ನಿಮ್ಮ ವರದಿಗಾರರು ಎಷ್ಟು ವ್ಯಾಟ್ ಎಂದು ಒಮ್ಮೆ ಕೇಳಲಿ. ಬಲ್ಬು ಹತ್ತಿಸಿಯೇ ಮೀಟರ್ ನೋಡಲಿ. ಬಲ್ಬು ಬಿಚ್ಚಿ ಸಾದಾ ಬಲ್ಬು ಹಾಕಿಸಲಿ. ಡಬ್ಬಿಯ ಮುಚ್ಚಳ ತೆಗೆಸಲಿ. ಇಷ್ಟಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ, ಐದು ನಿಮಿಷ ಸಾಕು. ಕರೆಂಟ್ ಬಿಲ್ಲು ಇಳಿಸುವ ದಾರಿ ಓದುಗರಿಗೆ ತೋರಿಸಬೇಕೆಂದರೆ ಅದಕ್ಕೂ ದಾರಿ ಇದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಯ ಮೇಲಿನ 3 ಕಿಲೋವ್ಯಾಟ್ ಸೋಲಾರಿಗೆ 78,000 ರೂಪಾಯಿವರೆಗೆ ಸಹಾಯಧನ ಘೋಷಿಸಿದ್ದಾರೆ. ಅದರ ಅರ್ಜಿ ಹೇಗೆ ಹಾಕಬೇಕು, ಮೀಟರ್ ಬದಲಿಸುವುದು ಹೇಗೆ ಎಂದು ಕನ್ನಡದಲ್ಲಿ ವಿವರವಾಗಿ ಬರೆಸಿ. ಪುಣೆಯ ಕನ್ನಡಿಗರು ಮರಾಠಿ ಅರ್ಜಿ ಹಿಡಿದುಕೊಂಡು ಮಗನನ್ನೋ ಮೊಮ್ಮಗನನ್ನೋ ಹುಡುಕುವುದು ತಪ್ಪುತ್ತದೆ.

ಕಳೆದ ವಾರದ ಸುದ್ದಿಯ ಹುಡುಗರನ್ನು ಇನ್ನೊಮ್ಮೆ ಭೇಟಿಯಾಗಿ. ಅವರ ಸಾಧನವನ್ನು ಲೋಡ್ ಹಾಕಿ ಅಳೆಸಿ, ಬಂದ ಅಂಕಿಯನ್ನು ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಫೋಟೊದ ಜೊತೆ ಪ್ರಕಟಿಸಿ. ಅಂಕಿ ಎಷ್ಟೇ ಚಿಕ್ಕದಿದ್ದರೂ ಪ್ರಕಟಿಸಿ, ಸರಿಯಾಗಿ ಅಳೆದದ್ದಕ್ಕೆ ಅವರನ್ನು ಹೊಗಳಿ. ಮಿಲಿವೋಲ್ಟ್ ರೇಂಜಿನ ಮೀಟರ್ ಬೇಕಾದರೆ ನನ್ನ ಹತ್ತಿರ ಇದೆ, ತಂದುಕೊಡುತ್ತೇನೆ.

ಇಂತಿ ನಿಮ್ಮ ಓದುಗಳು,
ನಿವೃತ್ತ ಲ್ಯಾಬ್ ಸಹಾಯಕಿ
ಪಿಂಪ್ರಿ, ಪುಣೆ